ಯಹೂದಿ ಮಹಿಳೆಯರಿಗೆ ಪ್ರತ್ಯೇಕ ಸಂಘಟನೆ ಬೇಕಿತ್ತೇ?

ಪರ

1904ರಲ್ಲಿ ಸಮಾಜಸೇವಕಿ ಬರ್ತಾ ಪಾಪನ್‌ಹೈಮ್ ಯಹೂದಿ ಮಹಿಳಾ ಒಕ್ಕೂಟವನ್ನು ಕಟ್ಟಿದಾಗ ಜರ್ಮನಿಯಲ್ಲಿ ಮಹಿಳಾ ಸಂಘಗಳಿಗೇನೂ ಬರವಿರಲಿಲ್ಲ. ಆದರೆ ಯಹೂದಿ ಸಮುದಾಯದೊಳಗಿನ ಹೆಣ್ಣಿನ ಸಂಕಟವನ್ನು ಕೈಗೆತ್ತಿಕೊಳ್ಳುವವರು ವಿರಳವಾಗಿದ್ದರು. ಆಗ ಆಸ್ಟ್ರಿಯಾ ಸಾಮ್ರಾಜ್ಯದಲ್ಲಿದ್ದ, ಇಂದು ಪೋಲೆಂಡ್ ಮತ್ತು ಉಕ್ರೇನ್‌ಗೆ ಸೇರಿರುವ ಗಲೀಷಿಯಾದ ಬಡ ಊರುಗಳಲ್ಲಿ ದಲ್ಲಾಳಿಗಳು ಧಾರ್ಮಿಕ ವಿಧಿಯಿಂದ ಮಾತ್ರ ಮದುವೆಯಾಗಿ, ಹುಡುಗಿಯರನ್ನು ಹೊರದೇಶದ ವೇಶ್ಯಾಗೃಹಗಳಿಗೆ ಸಾಗಿಸುತ್ತಿದ್ದರು. ಸರ್ಕಾರದ ಕಡತದಲ್ಲಿ ಅಂಥ ಮದುವೆಗೆ ಬೆಲೆಯಿಲ್ಲ; ಧರ್ಮಶಾಸ್ತ್ರದ ಪ್ರಕಾರವಾದರೋ ಗಂಡ ವಿಚ್ಛೇದನ ಪತ್ರ ಕೊಡುವವರೆಗೆ ಆಕೆ ಮರುಮದುವೆಯಾಗುವಂತಿಲ್ಲ. ಹೀಗೆ ಎರಡೂ ಕಡೆಯಿಂದ ಕೈಬಿಡಲ್ಪಟ್ಟವಳ ಪರವಾಗಿ ಯಹೂದಿ ಧರ್ಮಗುರುಗಳಾದ ರಬ್ಬಿಗಳನ್ನೇ ನೇರವಾಗಿ ಕೇಳಬೇಕಿತ್ತು. ಸಂಪ್ರದಾಯಸ್ಥ ಮನೆಯಲ್ಲಿ ಬೆಳೆದ, ತಾವೇ ಗಲೀಷಿಯಾಕ್ಕೆ ಹೋಗಿ ಪರಿಸ್ಥಿತಿಯನ್ನು ಕಂಡುಬಂದಿದ್ದ ಪಾಪನ್‌ಹೈಮ್ ಅವರು ಕೇಳಿದಾಗ ಆ ಪ್ರಶ್ನೆಗೆ ಬೇರೆಯದೇ ತೂಕ ಬರುತ್ತಿತ್ತು. ಹೊರಗಿನವರು ಅದನ್ನೇ ಎತ್ತಿದ್ದರೆ ಯಹೂದಿ ದ್ವೇಷಿಗಳಿಗೆ ಅಸ್ತ್ರ ಒದಗಿಸಿದಂತಾಗುತ್ತಿತ್ತು ಎಂದು ಸಮುದಾಯ ಬಾಗಿಲು ಮುಚ್ಚಿಕೊಳ್ಳುತ್ತಿತ್ತು. 1907ರಲ್ಲಿ ಫ್ರಾಂಕ್‌ಫರ್ಟ್ ಸಮೀಪದ ನಾಯ್-ಈಸೆನ್‌ಬರ್ಗ್‌ನಲ್ಲಿ ಅವರು ತೆರೆದ ಆಶ್ರಯಧಾಮದಲ್ಲಿ ಮದುವೆಯಾಗದ ತಾಯಂದಿರಿಗೂ ಅವರ ಮಕ್ಕಳಿಗೂ ನೆಲೆ ಸಿಕ್ಕಿತು. ಅದೇ ವರ್ಷ ಒಕ್ಕೂಟವು ಜರ್ಮನ್ ಮಹಿಳಾ ಸಂಘಗಳ ಮಹಾಒಕ್ಕೂಟವನ್ನು ಸೇರಿತಾದ್ದರಿಂದ, ಪ್ರತ್ಯೇಕವಾಗಿ ನಿಂತರೆಂಬ ಆಕ್ಷೇಪ ನಿಲ್ಲುವುದಿಲ್ಲ.

ವಿರೋಧ

ಜರ್ಮನ್ ಮಹಿಳಾ ಚಳವಳಿಯಲ್ಲಿ ಯಹೂದಿ ಮಹಿಳೆಯರು ಅತಿಥಿಗಳಾಗಿರಲಿಲ್ಲ. 1865ರಲ್ಲಿ ಲೈಪ್‌ಜಿಗ್‌ನಲ್ಲಿ ಲೂಯಿಸ್ ಒಟ್ಟೊ-ಪೀಟರ್ಸ್ ಮುಂದಾಳತ್ವದಲ್ಲಿ ಹುಟ್ಟಿದ ಮಹಿಳಾ ಸಂಘವನ್ನು ಬೆಳೆಸಿದವರಲ್ಲಿ ರಬ್ಬಿಯೊಬ್ಬರ ಪತ್ನಿ ಹೆನ್ರಿಯೆಟ್ ಗೋಲ್ಡ್‌ಶ್ಮಿಟ್ ಪ್ರಮುಖರು. 1911ರಲ್ಲಿ, ತಮ್ಮ 85ನೇ ವಯಸ್ಸಿನಲ್ಲಿ, ಅವರು ಅದೇ ನಗರದಲ್ಲಿ ಮಹಿಳೆಯರಿಗಾಗಿ ಉನ್ನತ ಶಿಕ್ಷಣ ಸಂಸ್ಥೆಯನ್ನು ತೆರೆದರು. ಧರ್ಮದ ಗುರುತನ್ನು ಬಿಡದೆಯೇ ಎಲ್ಲ ಹೆಣ್ಣುಮಕ್ಕಳ ಶಿಕ್ಷಣಕ್ಕಾಗಿ ದುಡಿದ ಈ ದಾರಿ ನನಗೆ ಹೆಚ್ಚು ದೂರದೃಷ್ಟಿಯದಾಗಿ ಕಾಣುತ್ತದೆ.

ಯಹೂದಿ ಮಹಿಳೆಯರ ಪ್ರಶ್ನೆಗಳಿಗೆ ಬೇರೆ ಸಂಸ್ಥೆ ಇದೆಯೆಂದಾದಾಗ, ಮಹಾಒಕ್ಕೂಟಕ್ಕೆ ತನ್ನೊಳಗಿನ ಯಹೂದಿ ದ್ವೇಷವನ್ನು ಎದುರಿಸುವ ಒತ್ತಡ ಕಡಿಮೆಯಾಯಿತು. ಮೊದಲ ಮಹಾಯುದ್ಧದ ನಂತರ ಮಹಾಒಕ್ಕೂಟದ ಅಧ್ಯಕ್ಷ ಸ್ಥಾನಕ್ಕೆ ಬರಬೇಕಿದ್ದ ಆಲಿಸ್ ಸಲೋಮನ್ ಅವರನ್ನು, ಆಗಲೇ ಕ್ರೈಸ್ತ ಮತ ಸೇರಿದ್ದರೂ, ಯಹೂದಿ ಮೂಲದ ಕಾರಣಕ್ಕೆ ಕೈಬಿಡಲಾಯಿತು. ಪರ ವಾದಿಸುವವರು ಇದನ್ನೇ ತಮ್ಮ ಸಮರ್ಥನೆಗೆ ಬಳಸಬಹುದು, ಮತ್ತು ಆ ವಾದಕ್ಕೆ ಬಲವಿದೆ. ಆದರೂ ಪ್ರತ್ಯೇಕ ಸಂಘಟನೆಯ ದಾರಿಯೇನೂ ಸುಗಮವಾಗಿರಲಿಲ್ಲ. 1918ರಲ್ಲಿ ದೇಶದ ಮಹಿಳೆಯರೆಲ್ಲರಿಗೂ ಮತದಾನದ ಹಕ್ಕು ದೊರೆತ ಮೇಲೂ ಹಲವು ಯಹೂದಿ ಸಮುದಾಯ ಮಂಡಳಿಗಳ ಚುನಾವಣೆಯಲ್ಲಿ ಯಹೂದಿ ಮಹಿಳೆಯರಿಗೆ ಮತವಿರಲಿಲ್ಲ. ಸಂಸತ್ತಿಗೆ ಮತ ಹಾಕಬಲ್ಲವಳು ತನ್ನ ಸಮುದಾಯದ ಗಂಡಸರೆದುರು ಇನ್ನೂ ಮನವಿ ಹಿಡಿದು ನಿಲ್ಲಬೇಕಿತ್ತು.