ಇಂಗ್ಲೆಂಡಿನ ಹೊಲದಲ್ಲಿ ಸಿಕ್ಕ ನಾಣ್ಯ ಯಾರದು? ಒಂದು ಸ್ಪಷ್ಟನೆ

‘ಇಂಗ್ಲೆಂಡಿನಲ್ಲಿ ಮೆಟಲ್ ಡಿಟೆಕ್ಟರ್‌ಗೆ ಲೈಸೆನ್ಸ್ ಬೇಡ, ಹೊಲದಲ್ಲಿ ಸಿಕ್ಕ ಹಳೆ ನಾಣ್ಯ ಹುಡುಕಿದವರಿಗೇ’ ಎಂಬ ಮಾತು ಹರಿದಾಡುತ್ತಿದೆ. ಮೊದಲರ್ಧ ಸರಿ, ಉಳಿದದ್ದು ತಪ್ಪು.

ಜಮೀನಿನ ಮಾಲೀಕರ ಒಪ್ಪಿಗೆ ಬೇಕೇ ಬೇಕು. ಒಪ್ಪಿದರೂ ನಾಣ್ಯದ ಹಕ್ಕು ಸಾಮಾನ್ಯವಾಗಿ ಅವರದೇ. ಪಾಲು ಎಷ್ಟೆಂದು ಮೊದಲೇ ಬರೆಸಿಕೊಳ್ಳಿ. ಸಂರಕ್ಷಿತ ಸ್ಮಾರಕದ ಜಾಗದಲ್ಲಿ ಅನುಮತಿಯಿಲ್ಲದೆ ಡಿಟೆಕ್ಟರ್ ಬಳಸುವುದೇ 1979ರ ಕಾಯ್ದೆಯಡಿ ಅಪರಾಧ. (ಇದನ್ನೋದಿ ಹಂಪಿಗೆ ಯಂತ್ರ ಹೊತ್ತು ಹೋದೀರಿ! ಭಾರತದ ನಿಧಿ ಕಾನೂನೇ ಬೇರೆ.)

ಇನ್ನು 1996ರ ಟ್ರೆಷರ್ (ನಿಧಿ) ಕಾಯ್ದೆ. ಒಂದೇ ನಿಕ್ಷೇಪದ, 300 ವರ್ಷ ದಾಟಿದ, ಕನಿಷ್ಠ ಶೇ 10ರಷ್ಟು ಚಿನ್ನ ಅಥವಾ ಬೆಳ್ಳಿಯಿರುವ ಎರಡು ನಾಣ್ಯ ಸಿಕ್ಕರೂ ಅದು ನಿಧಿ. ತಾಮ್ರ, ಕಂಚಿನವಾದರೆ ಹತ್ತು ಬೇಕು. 14 ದಿನದೊಳಗೆ ಕರೋನರ್‌ಗೆ (ನಿಧಿಯ ವಿಚಾರಣೆ ನಡೆಸುವ ಸ್ಥಳೀಯ ಅಧಿಕಾರಿ) ತಿಳಿಸಬೇಕು. ಬಿಡಿ ನಾಣ್ಯ ಸಾಮಾನ್ಯವಾಗಿ ಇದರಡಿ ಬರುವುದಿಲ್ಲ.

ವಿನೆಗರ್‌ನಲ್ಲಿ ತೊಳೆಯುವ ಸಲಹೆಯೂ ಜತೆಗಿದೆ. ಬೇಡ. ಆಮ್ಲವು ತಾಮ್ರದ ಪದರವನ್ನು ತಿಂದು ಅಕ್ಷರ ಅಳಿಸುತ್ತದೆ. ಬೆರಳಿನಿಂದ ಉಜ್ಜಿದರೂ ಅಂಟಿದ ಮರಳು ಬೆಳ್ಳಿಯನ್ನು ಗೀರುತ್ತದೆ. ಅಗೆಯುವಾಗಲೂ ಎಚ್ಚರ: ಡಿಟೆಕ್ಟರ್ ಸದ್ದು ಮಾಡಿದ ಜಾಗದಿಂದ ಒಂದು ಗೇಣು ದೂರ ಸಲಿಕೆ ಊರಿ, ಮೂರು ಬದಿ ಕತ್ತರಿಸಿ ಹುಲ್ಲುಹೆಂಟೆಯನ್ನು ಮಡಚಿ. ಅದೇ ಗುಂಡಿಯಲ್ಲಿ ಎರಡನೆಯ ನಾಣ್ಯ ಕಂಡರೆ ಅಗೆತ ನಿಲ್ಲಿಸಿ, ಮಣ್ಣು ಮುಚ್ಚಿ, ಆ ಕೌಂಟಿಯ (ಜಿಲ್ಲೆಯ) ಫೈಂಡ್ಸ್ ಲಯಸನ್ ಆಫೀಸರ್‌ಗೆ, ಅಂದರೆ ಸಿಕ್ಕ ಹಳೆ ವಸ್ತುಗಳನ್ನು ದಾಖಲಿಸುವ ಅಧಿಕಾರಿಗೆ, ಕರೆ ಮಾಡಿ.