ಸುಣ್ಣದ ಅಳತೆಯ ಜೊತೆ ಚೂರಿಯ ಪರೀಕ್ಷೆಯನ್ನೂ ಹೇಳಿ

ಮಳೆ ಹಿಡಿಯುವ ಮುಂಚೆ ಮಂಗಳೂರು ಸೀಮೆಯ ಅಡಿಕೆ ತೋಟಗಳಲ್ಲಿ ಕೊಳೆರೋಗಕ್ಕೆ, ಅಂದರೆ ಕಾಯಿ ಕೊಳೆತು ಉದುರುವ ಮಹಾಳಿಗೆ, ಮದ್ದು ಬಿಡುವ ಗಡಿಬಿಡಿ. ಜೊತೆಗೇ ವಾಟ್ಸಾಪ್‌ನಲ್ಲಿ ಒಂದು ಸಾಲು ಓಡಾಡುತ್ತದೆ: ಒಂದು ಕೆಜಿ ಮೈಲುತುತ್ತು (ತಾಮ್ರದ ಸಲ್ಫೇಟ್), ಒಂದು ಕೆಜಿ ಸುಣ್ಣ, ನೂರು ಲೀಟರ್ ನೀರು. ಲೆಕ್ಕ ಸರಿಯೇ, ಶೇ. 1ರ ಬೋರ್ಡೋ ದ್ರಾವಣ ಅಂದರೆ ಅದೇ. ಆದರೂ ಇದನ್ನೇ ಪಾಲಿಸಿದ ಒಂದು ತೋಟದಲ್ಲಿ ಎಳೆಕಾಯಿ ಸುಟ್ಟು ಉದುರುತ್ತದೆ, ಪಕ್ಕದ ತೋಟದಲ್ಲಿ ಏನೂ ಆಗುವುದಿಲ್ಲ.

ಹೆಚ್ಚಿನ ಸಲ ಕಾರಣ ಸುಣ್ಣ. ಆಗಷ್ಟೇ ಸುಟ್ಟ ಚಿಪ್ಪುಸುಣ್ಣಕ್ಕೆ ಖಾರ ಜಾಸ್ತಿ. ಬಾಯಿ ತೆರೆದಿಟ್ಟ ಚೀಲದ ಸುಣ್ಣ ಗಾಳಿಯ ಇಂಗಾಲಾಮ್ಲ ಹೀರಿ ಸೀಮೆಸುಣ್ಣದ ಪುಡಿಯಂತಾಗುತ್ತದೆ. ಆಮೇಲೆ ಒಂದು ಕೆಜಿ ಹಾಕಿದರೂ ತುತ್ತಿನ ಹುಳಿ ಸಾಯುವುದಿಲ್ಲ, ಬಿಡಿಯಾಗಿ ಉಳಿದ ತಾಮ್ರ ಕಾಯಿಯನ್ನು ಸುಡುತ್ತದೆ. ಹಾಗಾಗಿ ತೂಕದ ಜೊತೆ ಪರೀಕ್ಷೆಯೂ ಊರಿಂದ ಊರಿಗೆ ದಾಟಬೇಕು. ಉಜ್ಜಿ ಹೊಳಪು ಬರಿಸಿದ ಕಬ್ಬಿಣದ ಚೂರಿಯನ್ನು ದ್ರಾವಣದಲ್ಲಿ ಒಂದು ನಿಮಿಷ ಅದ್ದಿ ತೆಗೆಯಿರಿ. ಅಲಗಿನ ಮೇಲೆ ಕೆಂಪು ತಾಮ್ರ ಕೂತಿದ್ದರೆ ಇನ್ನಷ್ಟು ಸುಣ್ಣದ ತಿಳಿ ಬೇಕು. ಅಲಗು ಹೊಳಪಾಗಿಯೇ ಉಳಿಯುವವರೆಗೆ ಸ್ವಲ್ಪಸ್ವಲ್ಪವೇ ಸೇರಿಸುತ್ತಾ ಹೋಗಿ.

ಕಲಸುವ ಕ್ರಮವೂ ಹಾಗೆಯೇ, ಯಾಕೆ ಅಂತ ಗೊತ್ತಿಲ್ಲದಿದ್ದರೆ ಎರಡನೇ ವರ್ಷಕ್ಕೇ ತಪ್ಪುತ್ತದೆ. ತುತ್ತನ್ನು ಪುಡಿ ಮಾಡಿ ಬಟ್ಟೆಯಲ್ಲಿ ಕಟ್ಟಿ 50 ಲೀಟರ್ ನೀರಿನ ಮೇಲ್ಭಾಗದಲ್ಲಿ ತೂಗಬಿಡಬೇಕು. ಕರಗಿದ ನೀರು ಭಾರವಾಗಿ ಕೆಳಗಿಳಿಯುತ್ತದೆ, ಹೊಸ ನೀರು ಮೇಲೆ ಬರುತ್ತದೆ. ತಳಕ್ಕೆ ಸುರಿದರೆ ಗಂಟೆಗಟ್ಟಲೆ ಕಲಕುತ್ತಲೇ ಇರಬೇಕು. ಉಳಿದ 50 ಲೀಟರಿನಲ್ಲಿ ಸುಣ್ಣ ಅರಳಿಸಿ, ತಣಿಸಿ, ಸೋಸಿ, ಅದಕ್ಕೆ ತುತ್ತಿನ ನೀರನ್ನು ಸಣ್ಣ ಧಾರೆಯಾಗಿ ಹೊಯ್ಯುತ್ತಾ ಕಲಕಬೇಕು. ತಿರುಗಾಮುರುಗಾ ಮಾಡಿದರೆ ಕಣ ದಪ್ಪವಾಗಿ ಅಡಿಗೆ ಕೂರುತ್ತದೆ, ನಾಝಲ್ ಕಟ್ಟುತ್ತದೆ. ಕಬ್ಬಿಣದ ಡ್ರಮ್ಮು ಬೇಡವೇ ಬೇಡ. ಇನ್ನು ಇವತ್ತಿನ ಮದ್ದು ಇವತ್ತೇ ಮುಗಿಯಬೇಕು, ರಾತ್ರಿ ಕಳೆದರೆ ಕಾಯಿಗೆ ಅಂಟುವ ಗುಣ ಹೋಗುತ್ತದೆ.

ಈ ಮದ್ದು ಹುಟ್ಟಿದ್ದೇ ಒಬ್ಬರು ಮಾಡಿದ್ದು ಇನ್ನೊಬ್ಬರ ಕಣ್ಣಿಗೆ ಬಿದ್ದದ್ದರಿಂದ. ಫ್ರಾನ್ಸಿನ ಬೋರ್ಡೋ ಸೀಮೆಯಲ್ಲಿ ದಾರಿಹೋಕರು ದ್ರಾಕ್ಷಿ ಕದಿಯದಿರಲಿ ಅಂತ ರೈತರು ರಸ್ತೆ ಬದಿಯ ಬಳ್ಳಿಗಳಿಗೆ ತುತ್ತು ಸುಣ್ಣ ಎರಚುತ್ತಿದ್ದರು. ಆ ಬಳ್ಳಿಗಳಿಗೆ ಬೂಜು ರೋಗ ಬಂದಿಲ್ಲ ಅಂತ ಗಮನಿಸಿದ ಸಸ್ಯವಿಜ್ಞಾನಿ ಮಿಲಾರ್ಡೆ ಪ್ರಯೋಗ ಮಾಡಿ 1885ರಲ್ಲಿ ಪ್ರಕಟಿಸಿದರು. ಅಡಿಕೆಯ ಕೊಳೆರೋಗಕ್ಕೆ ಇದು ಆಗುತ್ತದೆ ಅಂತ ಮೈಸೂರು ಸಂಸ್ಥಾನದಲ್ಲಿ ತೋರಿಸಿಕೊಟ್ಟವರು ಅಲ್ಲಿನ ಕೃಷಿ ವಿಜ್ಞಾನಿ ಲೆಸ್ಲಿ ಕೋಲ್ಮನ್, 1910ರ ಆಸುಪಾಸಿನಲ್ಲಿ. ಕಳ್ಳರನ್ನು ತಡೆಯುವ ರೈತನ ಉಪಾಯ ವಿಜ್ಞಾನಿಯ ಕಣ್ಣಿಗೆ ಬೀಳದೇ ಹೋಗಿದ್ದರೆ ನಮ್ಮ ಮಹಾಳಿಗೆ ಮದ್ದು ಯಾವಾಗ ಸಿಗುತ್ತಿತ್ತೋ!

ಹೀಗೆ ಅನುಭವ ಹಂಚಿಕೊಳ್ಳಲು ಬೇಕಾದ ಅಡಿಪಾಯ ನಮ್ಮಲ್ಲಿ ಇದೆ. ವಿಟ್ಲದಲ್ಲಿ ಅಡಿಕೆ ಸಂಶೋಧನಾ ಕೇಂದ್ರ 1956ರಿಂದ ಇದೆ. ರೈತರ ಕೈಗೇ ಪೆನ್ನು ಕೊಟ್ಟ ಅಡಿಕೆ ಪತ್ರಿಕೆ ಪುತ್ತೂರಿನಿಂದ 1988ರಲ್ಲಿ ಶುರುವಾಯಿತು. ದಿನದ ಮಳೆಯನ್ನು ಅಳೆದು ಬರೆದಿಡುವ ಕೃಷಿಕರಿಗೂ ಬರವಿಲ್ಲ. ಕೊರತೆ ಇರುವುದು ಸೋತದ್ದನ್ನು ಹಂಚುವುದರಲ್ಲಿ. ಗೊನೆ ಚೆನ್ನಾಗಿ ಬಂದರೆ ಫೋಟೋ ಹಾಕುತ್ತೇವೆ, ಮದ್ದು ಬಿಟ್ಟೂ ಕೊಳೆ ಬಂದರೆ ಸುಮ್ಮನಿರುತ್ತೇವೆ. ಸಂಶೋಧಕರಿಗೆ ಹೆಚ್ಚು ಉಪಯೋಗ ಆಗುವುದು ಆ ಎರಡನೆಯದೇ. ಯಾಕೆಂದರೆ ಕೊಳೆರೋಗದ ಬೀಜಾಣು ಮಳೆಹನಿ ಸಿಡಿದಂತೆ, ಗಾಳಿ ಬೀಸಿದಂತೆ ಹರಡುತ್ತದೆ, ಬೇಲಿ ನೋಡಿ ನಿಲ್ಲುವುದಿಲ್ಲ. ಮರದಲ್ಲೇ ಉಳಿದ ಕೊಳೆತ ಗೊನೆ ಮುಂದಿನ ಮಳೆಗಾಲದ ರೋಗಕ್ಕೆ ಬೀಜ. ಒಬ್ಬರು ಮುಚ್ಚಿಟ್ಟರೆ ನಾಲ್ಕು ತೋಟಕ್ಕೆ ನಷ್ಟ.

ಈ ಸಲ ಮದ್ದಿನ ಬಗ್ಗೆ ಬರೆಯುವವರಲ್ಲಿ ಒಂದು ಕೋರಿಕೆ. ಸುಣ್ಣ ಯಾವುದು, ಎಷ್ಟು ದಿನ ಹಳತು, ಚೂರಿ ಕೆಂಪಾಯಿತೋ ಇಲ್ಲವೋ, ಮದ್ದು ಬಿಟ್ಟ ಎಷ್ಟು ಗಂಟೆಗೆ ಮಳೆ ಬಂತು, ಎರಡನೇ ಸಲ 40-45 ದಿನಕ್ಕೇ ಬಿಟ್ಟಿರೋ ಅಥವಾ ಮಳೆ ಬಿಡದೆ ತಡವಾಯಿತೋ, ಮೊದಲ ಕೊಳೆಕಾಯಿ ಬಿದ್ದದ್ದು ಯಾವ ತಾರೀಕಿಗೆ, ಇಷ್ಟನ್ನೂ ಸೇರಿಸಿ. ಕೊಳೆ ಬಂದ ತೋಟದವರು ಮೊದಲು ಬರೆಯಿರಿ.