ಒಂದು ಗಂಟೆ ಅಂದರೆ ಯಾವ ಗಂಟೆ?

‘ಬೆಂಗಳೂರಿನಿಂದ ಮಂಗಳೂರಿಗೆ ವಿಮಾನದಲ್ಲಿ ಬರೀ ಒಂದು ಗಂಟೆ’ ಅಂತ ಬರೆದಿದ್ದೀರಿ, ಸರಿ, ಆದರೆ ಅದು ಪೂರ್ತಿ ಹಾರಾಟದ ಸಮಯ ಅಲ್ಲ. ನೇರ ಗೆರೆ ಎಳೆದರೆ ದೂರ ಸುಮಾರು 300 ಕಿಲೋಮೀಟರ್ ಅಷ್ಟೇ. ಗಂಟೆಗೆ 800 ಕಿಲೋಮೀಟರ್ ವೇಗದಲ್ಲಿ ಲೆಕ್ಕ ಹಾಕಿದರೆ 25 ನಿಮಿಷವೂ ಬೇಡ, ಅಲ್ವಾ? ಆದರೆ ವಿಮಾನ ಮೇಲೇರಿ ಆ ವೇಗ ಹಿಡಿಯುವಷ್ಟರಲ್ಲೇ ಇಳಿಯುವ ಹೊತ್ತು ಬಂದಿರುತ್ತದೆ, ಜೊತೆಗೆ ಟಿಕೆಟ್‌ನಲ್ಲಿ ಹಾಕುವ ಸಮಯಕ್ಕೆ ರನ್‌ವೇವರೆಗೆ ತೆವಳುವುದು, ಸರದಿ ಕಾಯುವುದು, ಇಳಿದ ಮೇಲೆ ನಿಲ್ಲುವ ಜಾಗ ಸೇರುವುದು ಎಲ್ಲಾ ಸೇರಿರುತ್ತದೆ. ಇನ್ನು ಜಯನಗರದಿಂದ ದೇವನಹಳ್ಳಿ ತಲುಪೋಕೆ ನನಗೆ ಕಳೆದ ಸಲ ಎರಡು ಗಂಟೆ ಹಿಡಿಯಿತು (ಮಳೆ ಬೇರೆ). ಮನೆಯಿಂದ ಮನೆಗೆ ಲೆಕ್ಕ ಹಾಕಿದರೆ ಐದೂವರೆ ಗಂಟೆ. ಶಿರಾಡಿ ಘಾಟಿ ಚೆನ್ನಾಗಿದ್ದ ದಿನ ಕಾರಿನಲ್ಲಿ ಏಳು ಗಂಟೆ, ಅದೂ ನಡುವೆ ಹಾಸನದಲ್ಲಿ ತಿಂಡಿ ತಿಂದುಕೊಂಡು.